ಮನೆ ಮೇಲು, ಅಂಗಡಿ ಮೇಲು, ಎರಡಕ್ಕೂ ಒಂದೇ ಕಂಪ್ಯೂಟರ್ರು

ಪ್ರಶ್ನೆ: ಸರ್ ನಮಸ್ಕಾರ್ರಿ. ನಮ್ದು ಗದಗಿನ್ಯಾಗ ಸಣ್ಣ ಆಫ್‌ಸೆಟ್ ಪ್ರೆಸ್ ಐತಿ, ಅಪ್ಪಾರು ಶುರು ಮಾಡಿದ್ದು, ಈಗ ನಾನ ನೋಡ್ಕೋತೀನಿ. ಲಗ್ನಪತ್ರಿಕೆ, ಬಿಲ್ ಬುಕ್, ಹ್ಯಾಂಡ್‌ಬಿಲ್ ಎಲ್ಲಾದ್ರ ಪ್ರೂಫೂ ಮೇಲ್‌ನ್ಯಾಗನ ಹೋಗೋದು ಬರೋದು. ಪ್ರೆಸ್ಸಿನ ಹೆಸರಿನ್ಯಾಗ ಒಂದು ಐಡಿ, ನನ್ನ ಸ್ವಂತದ್ದೊಂದು ಜಿಮೇಲ್. ಹಳೇ ವಿಂಡೋಸ್ 7 ಕಂಪ್ಯೂಟರ್‌ನ್ಯಾಗ ವಿಂಡೋಸ್ ಲೈವ್ ಮೇಲ್ ಅನ್ನೋ ಮೇಲ್ ಪ್ರೋಗ್ರಾಮ್ ಹಾಕ್ಕೊಂಡು ನಡಸ್ಕೊಂಡ್ ಬಂದೀವಿ. ಹೋದ ತಿಂಗಳ ದೊಡ್ಡ ಗಿರಾಕಿ ಒಬ್ರಿಗೆ ಕೊಟೇಶನ್ನು ನನ್ನ ಸ್ವಂತ ಐಡಿಯಿಂದ ಹೋಗಿಬಿಡ್ತು, ಕೆಳಗ ನಮ್ಮ ಕ್ರಿಕೆಟ್ ಟೀಮಿನ ಹೆಸರು ಬ್ಯಾರೆ! ಈಗ ಹೊಸಾ ಕಂಪ್ಯೂಟರ್ ತಗೊಂಡೀನಿ. ಇದ್ರಾಗ ಮೇಲ್ ನೋಡಾಕ ಔಟ್‌ಲುಕ್ ಪ್ರೋಗ್ರಾಮಿಗೆ ರೊಕ್ಕ ಹಾಕ್ಲ್ಯಾ, ಪುಕ್ಕಟೆ ಸಿಗೋ ಥಂಡರ್‌ಬರ್ಡ್ ಸಾಕಾ?
- ಓದುಗರು, ಗದಗ

ಉತ್ತರ: ಥಂಡರ್‌ಬರ್ಡ್ ಸಾಕು. ಆದ್ರೆ ಅದನ್ನ ಇನ್‌ಸ್ಟಾಲ್ ಮಾಡೋಕೆ ಮುಂಚೆ ಒಂದು ವಿಷಯ ನೋಡ್ಕೊಳಿ, ನಿಮ್ಮ ಪ್ರೆಸ್ಸಿನ ಹಳೇ ಮೇಲೆಲ್ಲ ಈಗ ಎಲ್ಲಿದೆ? ಲೈವ್ ಮೇಲ್‌ನಲ್ಲಿ ಅಕೌಂಟನ್ನ ಪಾಪ್ (ಮೇಲನ್ನ ಸರ್ವರ್‌ನಿಂದ ಕಂಪ್ಯೂಟರ್‌ಗೆ ಇಳಿಸ್ಕೊಳ್ಳೋ ಪದ್ಧತಿ) ಅಂತ ಸೆಟ್ ಮಾಡಿದ್ರೆ, ಸರ್ವರ್‌ನಲ್ಲಿ ಒಂದು ಕಾಪಿ ಬಿಡು ಅನ್ನೋ ಕಡೆ ಟಿಕ್ ಇಲ್ದೇ ಇದ್ರೆ, ಇಷ್ಟು ವರ್ಷದ ಮೇಲ್ ಎಲ್ಲಾನೂ ಆ ಹಳೇ ಡಬ್ಬದ ಹಾರ್ಡ್‌ಡಿಸ್ಕ್‌ನಲ್ಲಿ ಮಾತ್ರ ಇರುತ್ತೆ, ಬೇರೆಲ್ಲೂ ಇಲ್ಲ. ನನಗೆ ಇದು ಹೇಗೆ ಗೊತ್ತು ಅಂದ್ರೆ ಒಂದ್ಸಲ ನಂದೂ ಹಂಗೇ ಇತ್ತು, ಒಂದಿನ ಬೆಳಿಗ್ಗೆ ಡಿಸ್ಕು ಟಕ್ ಟಕ್ ಅಂತು, ನಾಲ್ಕು ವರ್ಷದ ಮೇಲು ಅದ್ರ ಜೊತೆಗೇ ಹೋಯ್ತು. ಅದಕ್ಕೇ ಹೇಳ್ತಿರೋದು, ಹಳೇ ಕಂಪ್ಯೂಟರನ್ನ ಗುಜರಿಗೆ ಹಾಕ್ಬೇಡಿ ಈಗಲೇ.

ಲೈವ್ ಮೇಲ್‌ಗೆ ಮೈಕ್ರೋಸಾಫ್ಟ್ ಸಪೋರ್ಟ್ ನಿಲ್ಸಿದ್ದು 2017ರ ಜನವರಿಲಿ, ಹೊಸದ್ರಲ್ಲಿ ಅದನ್ನೇ ಹಾಕೋ ಯೋಚನೆ ಬಿಡಿ. ಒಳ್ಳೇದೇನಂದ್ರೆ ಅದು ಒಂದೊಂದು ಮೇಲನ್ನೂ ಒಂದೊಂದು ಇಎಮ್‌ಎಲ್ ಫೈಲ್ ಆಗಿ ಇಟ್ಟಿರುತ್ತೆ. ಆ ಫೋಲ್ಡರನ್ನ ಪೂರ್ತಿ ಪೆನ್‌ಡ್ರೈವ್‌ಗೆ ಕಾಪಿ ಮಾಡಿ, ಥಂಡರ್‌ಬರ್ಡ್‌ನಲ್ಲಿ ಇಂಪೋರ್ಟ್‌ಎಕ್ಸ್‌ಪೋರ್ಟ್‌ಟೂಲ್ಸ್ ಎನ್‌ಜಿ ಅನ್ನೋ ಆಡ್-ಆನ್ (ಜೊತೆಗೆ ಸೇರಿಸ್ಕೊಳ್ಳೋ ಸಣ್ಣ ಪ್ರೋಗ್ರಾಮ್) ಹಾಕ್ಕೊಂಡು 'ಲೋಕಲ್ ಫೋಲ್ಡರ್ಸ್', ಅಂದ್ರೆ ನಿಮ್ಮ ಕಂಪ್ಯೂಟರ್‌ನಲ್ಲೇ ಇರೋ ಫೋಲ್ಡರ್ ಒಳಗೆ ಎಳ್ಕೊಳಿ. ಫೋಲ್ಡರ್ ದೊಡ್ಡದಿದ್ರೆ ಟೈಮ್ ತಗೊಳ್ಳುತ್ತೆ, ಟೀ ಕುಡ್ಕೊಂಡ್ ಬನ್ನಿ.

ಹೊಸ ಅಕೌಂಟ್ ಎರಡನ್ನೂ ಐಮ್ಯಾಪ್‌ನಲ್ಲೇ ಹಾಕಿ. ಅದ್ರಲ್ಲಿ ಮೇಲು ಸರ್ವರ್‌ನಲ್ಲೇ ಇರುತ್ತೆ, ಕಂಪ್ಯೂಟರ್‌ನಲ್ಲಿ ಓದಿದ್ದು ಫೋನ್‌ನಲ್ಲೂ ಓದಿದ್ದು ಅಂತಲೇ ಕಾಣುತ್ತೆ. ಜಿಮೇಲ್ ಹಾಕುವಾಗ ಗೂಗಲ್‌ದೇ ಲಾಗಿನ್ ಕಿಟಕಿ ಬರುತ್ತೆ, ಗಾಬರಿ ಆಗ್ಬೇಡಿ, ಅದೇ ಸರಿ. ಆದ್ರೆ ಐಮ್ಯಾಪ್‌ನಲ್ಲೂ ಒಂದು ಕಾಟ ಇದೆ. ಅಂಗಡಿ ಹುಡುಗ ಫೋನ್‌ನಲ್ಲಿ ಡಿಲೀಟ್ ಒತ್ತಿದ್ರೆ ಎಲ್ಲಾ ಕಡೆನೂ ಹೋಗುತ್ತೆ. ಮತ್ತೆ ಪ್ರೆಸ್ಸಿನ ಹೆಸರಿನ ಮೇಲ್‌ಬಾಕ್ಸಿಗೆ ಹೋಸ್ಟಿಂಗ್‌ನವ್ರು (ಸರ್ವರ್‌ನಲ್ಲಿ ಜಾಗ ಬಾಡಿಗೆಗೆ ಕೊಡೋರು) ಕೊಟ್ಟಿರೋ ಜಾಗ ಎಷ್ಟು ಕೇಳ್ಕೊಳಿ, ಬರೀ ಪಿಡಿಎಫ್ ಪ್ರೂಫಿಗೇ ಅದು ತುಂಬಿಹೋಗ್ಬೋದು, ತುಂಬಿದ್ರೆ ಗಿರಾಕಿ ಕಳ್ಸಿದ ಮೇಲು ವಾಪಸ್ ಹೋಗುತ್ತೆ. ವರ್ಷಕ್ಕೊಂದ್ಸಲ ಹಳೇದನ್ನ ಲೋಕಲ್ ಫೋಲ್ಡರ್ಸ್‌ಗೆ ಸರ್ಸಿ, ಥಂಡರ್‌ಬರ್ಡ್ ಮುಚ್ಚಿ, ಅದು ಮೇಲು, ಸೆಟ್ಟಿಂಗ್ ಎಲ್ಲಾ ಇಡೋ ಪ್ರೊಫೈಲ್ ಫೋಲ್ಡರನ್ನ ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿ. ನಮ್ಮ ಕಡೆ ಅಂಗಡಿಯವ್ರು ದೀಪಾವಳಿಗೆ ಹೊಸ ಖಾತೆ ಪುಸ್ತಕ ಪೂಜೆ ಮಾಡ್ತಾರಲ್ಲ, ಅವತ್ತೇ ಇದನ್ನೂ ಮಾಡಿ ಮುಗಿಸ್ಬಿಡಿ, ಮರ್ಯೋಲ್ಲ.

ಈಗ ಕ್ರಿಕೆಟ್ ಟೀಮಿನ ವಿಷಯ (ಓದಿ ನಕ್ಕೆ, ಕ್ಷಮಿಸಿ). ಥಂಡರ್‌ಬರ್ಡ್‌ನಲ್ಲಿ ಉತ್ತರ ಕೊಡುವಾಗ ಯಾವ ಐಡಿಗೆ ಮೇಲ್ ಬಂದಿತ್ತೋ ಅದ್ರಿಂದಲೇ ಹೋಗುತ್ತೆ. ಎಡವಟ್ಟಾಗೋದು ಹೊಸಾ ಮೇಲ್ ಬರೆಯುವಾಗ. ಎಡಗಡೆ ಯಾವ ಅಕೌಂಟಿನ ಫೋಲ್ಡರ್ ಮೇಲೆ ನಿಂತಿರ್ತೀರೋ ಆ ಐಡಿ ತಗೊಳ್ಳುತ್ತೆ, ಅದಕ್ಕೆ ಮೊದ್ಲು ಪ್ರೆಸ್ಸಿನ ಇನ್‌ಬಾಕ್ಸ್ ಒತ್ತಿ ಆಮೇಲೆ ಬರೀರಿ, ಕಳ್ಸೋ ಮುಂಚೆ 'ಫ್ರಮ್' ಸಾಲು ಒಂದ್ಸಲ ನೋಡಿ. ಸಹಿ ಎರಡಕ್ಕೂ ಬೇರೆ ಬೇರೆ ಹಾಕಿ. ಎಸ್‌ಎಮ್‌ಟಿಪಿ ಅಂತ ಇರುತ್ತಲ್ಲ, ಕಳ್ಸೋ ಸರ್ವರ್ರು, ಅದೂ ಎರಡಕ್ಕೂ ಬೇರೆ ಇರ್ಲಿ, ಪ್ರೆಸ್ಸಿನ ಮೇಲು ಜಿಮೇಲ್ ಸರ್ವರ್‌ನಿಂದ ಹೋದ್ರೆ ಗಿರಾಕಿಯ ಸ್ಪ್ಯಾಮ್‌ಗೆ ಬೀಳೋ ಚಾನ್ಸ್ ಜಾಸ್ತಿ.

ಔಟ್‌ಲುಕ್ ಕೆಟ್ಟದ್ದಾ ಅಂದ್ರೆ ಅಲ್ಲ. ಮೈಕ್ರೋಸಾಫ್ಟ್ 365 ಬಿಸಿನೆಸ್ಸನ್ನ ಎಕ್ಸೆಲ್‌ಗೋಸ್ಕರ ಈಗಾಗ್ಲೇ ತಗೊಂಡಿದ್ದು, ಅದ್ರಲ್ಲಿ ಔಟ್‌ಲುಕ್ಕೂ ಇದ್ರೆ ಅದನ್ನೇ ಬಳಸಿ, ಮೇಲೂ ಕ್ಯಾಲೆಂಡರೂ ಒಂದೇ ಕಡೆ ಚೆನ್ನಾಗೇ ನಡೆಯುತ್ತೆ. ಆದ್ರೆ ಕಂಪ್ಯೂಟರ್ ಜೊತೆ 'ಆಫೀಸ್ ಹೋಮ್ ಅಂಡ್ ಸ್ಟೂಡೆಂಟ್ 2021' ಹಾಕ್ಕೊಟ್ಟಿದ್ರೆ ಅದ್ರಲ್ಲಿ ಔಟ್‌ಲುಕ್ಕೇ ಇಲ್ಲ, ಮೇಲಾಗಿ ಅದು ವ್ಯಾಪಾರಕ್ಕೆ ಬಳಸೋ ಲೈಸೆನ್ಸೂ ಅಲ್ಲ. ವಿಂಡೋಸ್ 11 ಜೊತೆ ಪುಕ್ಕಟೆ ಬರೋ ಹೊಸ ಔಟ್‌ಲುಕ್ಕೇ ಬೇರೆ ಸರಕು. ಮೇಲ್‌ಗಳ ಪಟ್ಟಿ ನಡುವೆ ಜಾಹೀರಾತು ಬರುತ್ತೆ, ನಿಮ್ಮ ಐಮ್ಯಾಪ್ ಅಕೌಂಟ್ ಹಾಕಿದ್ರೆ ಆ ಮೇಲೆಲ್ಲ ಮೈಕ್ರೋಸಾಫ್ಟ್ ಕ್ಲೌಡ್‌ಗೂ ಸಿಂಕ್ ಆಗುತ್ತೆ. ಗಿರಾಕಿಗಳ ಕಾಗದಪತ್ರ ಅಲ್ಲೊಂದು ಕಾಪಿ ಇರೋದು ನನಗೆ ಇಷ್ಟ ಇಲ್ಲ, ನಿಮಗೆ ಪರವಾಗಿಲ್ಲ ಅಂದ್ರೆ ಸರಿ. ಇಎಮ್ ಕ್ಲೈಂಟ್ ಅಂತ ಇನ್ನೊಂದಿದೆ, ನೋಡೋಕೆ ಚಂದ, ಆದ್ರೆ ಪುಕ್ಕಟೆ ಕೊಡೋದು ಸ್ವಂತದ ಬಳಕೆಗೆ ಮಾತ್ರ, ಪ್ರೆಸ್ಸಿಗೆ ಅಂದ್ರೆ ದುಡ್ಡು ಕೊಡ್ಬೇಕು.

ಪ್ರಶ್ನೆ: 2004-05ರಲ್ಲಿ 'ಬರಹ' ಅನ್ನೋ ಕನ್ನಡ ಟೈಪಿಂಗ್ ಪ್ರೋಗ್ರಾಮ್‌ನಲ್ಲಿ ಟೈಪ್ ಮಾಡಿ ಕಳ್ಸಿದ್ದ ಕನ್ನಡ ಮೇಲ್‌ಗಳು ಈಗ ಹೊಸ ಪ್ರೋಗ್ರಾಮ್‌ನಲ್ಲಿ ಬರೀ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ. ಬೇರೆ ಪ್ರೋಗ್ರಾಮ್ ಹಾಕಿದ್ರೆ ಸರಿಹೋಗುತ್ತಾ?
- ಓದುಗರು, ತುಮಕೂರು

ಉತ್ತರ: ಇಲ್ಲ ಸರ್, ಪ್ರೋಗ್ರಾಮ್‌ದು ತಪ್ಪೇ ಅಲ್ಲ. ಆಗ ಬಹಳ ಜನ ಬಳಸ್ತಿದ್ದ ಫಾಂಟು ಯೂನಿಕೋಡ್ (ಎಲ್ಲಾ ಕಂಪ್ಯೂಟರ್‌ಗೂ ಅರ್ಥ ಆಗೋ ಅಕ್ಷರದ ಸಂಕೇತ) ಅಲ್ಲ, ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿರೋದು, ಆ ಫಾಂಟ್ ಹೋದ್ರೆ ಅಡಿಯ ಇಂಗ್ಲಿಷ್ ಎದ್ದು ಕೂರುತ್ತೆ. ಆ ಹಳೇ ಮೇಲ್‌ನ ಸಾಲುಗಳನ್ನ ಕಾಪಿ ಮಾಡಿ 'ಬರಹ' ಅಥವಾ 'ನುಡಿ' (ಇದೂ ಕನ್ನಡ ಟೈಪಿಂಗ್ ಪ್ರೋಗ್ರಾಮೇ) ಜೊತೆ ಬರೋ ಕನ್ವರ್ಟರ್‌ಗೆ ಕೊಡಿ, ಯೂನಿಕೋಡ್ ಆಗಿ ಬರುತ್ತೆ. ಒತ್ತಕ್ಷರ ಅಲ್ಲಲ್ಲಿ ಕೈಕೊಡ್ಬೋದು, ಕೂತು ತಿದ್ಬೇಕು.

ಪ್ರಶ್ನೆ: ನಾನು ರಿಟೈರ್ಡ್ ಟೀಚರ್. ಒಂದೇ ಜಿಮೇಲ್ ಇರೋದು. ಮಗ ಥಂಡರ್‌ಬರ್ಡ್ ಹಾಕ್ಕೋ ಅಂತಾನೆ, ಬೇಕಾ?
- ಓದುಗರು, ಮೈಸೂರು

ಉತ್ತರ: ಬೇಡ ಮೇಡಂ, ಬ್ರೌಸರ್ ಸಾಕು. ಗೂಗಲ್ ಪುಕ್ಕಟೆ ಕೊಡೋ 15 ಜಿಬಿಲಿ ನಿಮ್ಮ ಫೋಟೋಗಳೂ ಸೇರ್ಕೊಂಡಿರುತ್ತೆ, ಅದು ತುಂಬ್ತಾ ಬಂದ್ರೆ ಆಗ ಮಗನ್ನ ಕರೀರಿ.