ಪ್ರೋಟೀನ್ ಗಂಟುಕಟ್ಟಿ ನಾರಾಗುವ ಪ್ರಯೋಗಕ್ಕೆ ಅರಿಶಿನದ ಕರ್ಕ್ಯುಮಿನ್ ಹಾಕಿದಾಗ, ನಾರಿಗೆ ಅಂಟಿ ಹೊಳೆಯುವ ಬಣ್ಣವಾದ ಥಯೋಫ್ಲೇವಿನ್ ಟಿಯ ಹೊಳಪು ಶೇ 80 ಇಳಿಯಿತು. ಇನ್ನು ಯಾವ ಸಸ್ಯಸಂಯುಕ್ತ ಪರೀಕ್ಷಿಸಲಿ?

ಸದ್ಯಕ್ಕೆ ಯಾವುದೂ ಬೇಡ. ಆ ಶೇ 80ರಲ್ಲಿ ಪ್ರೋಟೀನ್ ಗಂಟುಕಟ್ಟುವುದು ನಿಜಕ್ಕೂ ನಿಂತದ್ದೆಷ್ಟು, ಬರೀ ಬಣ್ಣದಾಟ ಎಷ್ಟು ಅಂತ ಮೊದಲು ತಿಳಿಯಬೇಕು. ನಾಲ್ಕು ತಿಂಗಳು ಇಂಥದ್ದೇ ಗ್ರಾಫ್ ನೋಡಿ ಹಿಗ್ಗಿದವನು ನಾನು. ಆಲ್ಫಾ ಸೈನ್ಯೂಕ್ಲೀನ್ (ಪಾರ್ಕಿನ್ಸನ್ ಕಾಯಿಲೆಯಲ್ಲಿ ಗಂಟುಕಟ್ಟುವ ಪ್ರೋಟೀನ್), ಪಿಎಚ್ 7.4, 37 ಡಿಗ್ರಿ, ಶೇಕರ್, ಎಲ್ಲವೂ ನಿಮ್ಮ ಹಾಗೆಯೇ. ಮಾಡಿದ ತಪ್ಪು ಒಂದೇ: ಥಯೋಫ್ಲೇವಿನ್ ಟಿಯನ್ನೂ ಕರ್ಕ್ಯುಮಿನ್ನನ್ನೂ ಮೊದಲ ದಿನವೇ ಒಂದೇ ವೆಲ್‌ಗೆ (ಪ್ಲೇಟಿನ ಗುಳಿಗೆ) ಹಾಕಿ ಕೊನೆಯವರೆಗೂ ಓದಿದ್ದು.

ಥಯೋಫ್ಲೇವಿನ್ ನಾರಿಗೆ ಅಂಟಿಕೊಂಡಾಗ ಸುಮಾರು 450 ನ್ಯಾನೋಮೀಟರ್ ಬೆಳಕು ಹೀರಿ 482ರ ಆಸುಪಾಸಿನಲ್ಲಿ ಹೊಳೆಯುತ್ತದೆ. ಕರ್ಕ್ಯುಮಿನ್ ಅತಿ ಹೆಚ್ಚು ಹೀರುವುದು 425ರ ಸುತ್ತ, 450ರಲ್ಲೂ ಅದರ ಹಸಿವು ತೀರಿರುವುದಿಲ್ಲ. ಬಣ್ಣಕ್ಕೆ ಸೇರಬೇಕಾದ ಬೆಳಕನ್ನು ನಡುದಾರಿಯಲ್ಲೇ ತಿಂದುಹಾಕುತ್ತದೆ. ಎರಡೂ ತರಂಗಾಂತರಗಳಲ್ಲಿ ಅದರ ಹೀರಿಕೆ ಒಟ್ಟು 0.6 ಇದ್ದರೆ, ಕ್ಯೂವೆಟ್‌ನಲ್ಲಿ ಹೊಳಪು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ (0.6ರ ಅರ್ಧ 0.3, 10ರ ಘಾತ 0.3 ಅಂದರೆ 2). ನಾರು ಒಂದೆಳೆಯೂ ಕಡಿಮೆಯಾಗಿರುವುದಿಲ್ಲ! ಸಾಲದ್ದಕ್ಕೆ ಕರ್ಕ್ಯುಮಿನ್ ತಾನೇ ನಾರಿಗೆ ಅಂಟಿ ಥಯೋಫ್ಲೇವಿನ್‌ನ ಜಾಗ ಹಿಡಿಯಬಹುದು.

ಪತ್ತೆಹಚ್ಚಲು ಹತ್ತು ನಿಮಿಷ ಸಾಕು. ಪೂರ್ತಿ ಬೆಳೆದ ನಾರಿಗೆ ಥಯೋಫ್ಲೇವಿನ್ ಸೇರಿಸಿ ಓದಿ. ಅದೇ ವೆಲ್‌ಗೆ ನೀವು ಬಳಸುವಷ್ಟೇ ಕರ್ಕ್ಯುಮಿನ್ ಹಾಕಿ, ಕಲಸಿ, ಒಂದು ನಿಮಿಷದೊಳಗೆ ಮತ್ತೆ ಓದಿ. ಪಕ್ಕದ ವೆಲ್‌ಗೆ ಅಷ್ಟೇ ಡಿಎಂಎಸ್ಒ (ಕರ್ಕ್ಯುಮಿನ್ ಕರಗಿಸುವ ದ್ರಾವಕ) ಮಾತ್ರ. ದಿನಗಟ್ಟಲೆ ಬೆಳೆದ ನಾರು ಒಂದು ನಿಮಿಷದಲ್ಲಿ ಕರಗಿಹೋಗುವುದಿಲ್ಲ. ತಕ್ಷಣ ಬಿದ್ದದ್ದೆಲ್ಲ ಬಣ್ಣದಾಟದ ಲೆಕ್ಕಕ್ಕೆ. ನನ್ನ 'ತಡೆ'ಯಲ್ಲಿ ಬಹುಪಾಲು ಹೋದದ್ದು ಹೀಗೇ.

ಬೆಳೆಸುವ ಟ್ಯೂಬ್‌ಗೆ ಥಯೋಫ್ಲೇವಿನ್ ಹಾಕಲೇಬೇಡಿ. ಆಗಾಗ 10 ಮೈಕ್ರೋಲೀಟರ್ ತೆಗೆದು, 20 ಮೈಕ್ರೋಮೋಲಾರ್ ಥಯೋಫ್ಲೇವಿನ್ ಇರುವ 990 ಮೈಕ್ರೋಲೀಟರ್ ಬಫರ್‌ಗೆ ಬಿಟ್ಟು ಓದಿ. 20 ಮೈಕ್ರೋಮೋಲಾರ್ ಕರ್ಕ್ಯುಮಿನ್ 0.2ಕ್ಕೆ ಇಳಿಯುತ್ತದೆ. ನಾರಿಗೆ ಅಂಟಿ ಕುಳಿತದ್ದು ಇದರಿಂದಲೂ ಪೂರ್ತಿ ಬಿಡದು, ಹಾಗಾಗಿ ಬಣ್ಣವೇ ಬೇಡದ ಇನ್ನೊಂದು ಅಳತೆ ಬೇಕೇ ಬೇಕು: 1,00,000 ಜಿಯಲ್ಲಿ (ಗುರುತ್ವದ ಅಷ್ಟು ಪಟ್ಟು ಬಲದಲ್ಲಿ) ಒಂದು ಗಂಟೆ ಸೆಂಟ್ರಿಫ್ಯೂಜ್, ನಾರು ತಳಕ್ಕಿಳಿದ ಮೇಲೆ ಮೇಲಿನ ದ್ರವ ಎಸ್‌ಡಿಎಸ್ ಜೆಲ್‌ಗೆ (ಎಸ್‌ಡಿಎಸ್ ಎಂಬ ಮಾರ್ಜಕದಿಂದ ಪ್ರೋಟೀನ್ ಬಿಡಿಸಿ ಗಾತ್ರದಂತೆ ಬೇರ್ಪಡಿಸುವ ಜೆಲ್). ಆ ದ್ರವವನ್ನು ಬಿಸಿಎ ಕಿಟ್‌ನಲ್ಲಿ (ತಾಮ್ರದ ಬಣ್ಣ ನೋಡಿ ಪ್ರೋಟೀನ್ ಅಳೆಯುವ ಕಿಟ್) ಅಳೆಯಬೇಡಿ. ಕರ್ಕ್ಯುಮಿನ್‌ನಂಥ ಪಾಲಿಫೀನಾಲ್‌ಗಳು ತಾವೇ ತಾಮ್ರವನ್ನು ಅಪಕರ್ಷಿಸಿ, ಪ್ರೋಟೀನ್ ಇಲ್ಲದಿದ್ದರೂ ನೇರಳೆ ಬಣ್ಣ ಕೊಡುತ್ತವೆ. 280 ನ್ಯಾನೋಮೀಟರ್ ಓದಿನಲ್ಲೂ ಇವು ತಾವೇ ಬೆಳಕು ಹೀರಿ ಪ್ರೋಟೀನ್‌ನಂತೆ ಕಾಣುತ್ತವೆ.

ಇನ್ನೊಂದು, ನಿಮ್ಮ ಟ್ಯೂಬ್‌ನಲ್ಲಿ ಎರಡನೇ ದಿನ ಕರ್ಕ್ಯುಮಿನ್ ಉಳಿದಿರುತ್ತದೆಯೇ? ಪಿಎಚ್ 7.2ರ ಫಾಸ್ಫೇಟ್ ಬಫರ್‌ನಲ್ಲಿ, 37 ಡಿಗ್ರಿಯಲ್ಲಿ, ಅರ್ಧ ಗಂಟೆಗೇ ಸುಮಾರು ಶೇ 90 ಒಡೆದುಹೋಗುತ್ತದೆ. ಬರೀ ಬಫರ್‌ನಲ್ಲಿ ಎರಡು ಗಂಟೆ ಇಟ್ಟು 'ಹಳಸಿದ' ಕರ್ಕ್ಯುಮಿನ್ನನ್ನೂ ಜೊತೆಗೆ ಪರೀಕ್ಷಿಸಿ. ಅದೂ ಅಷ್ಟೇ ತಡೆದರೆ, ಕೆಲಸ ಮಾಡುತ್ತಿರುವುದು ಒಡೆದ ಚೂರುಗಳು.

'ಯಾವ ಸಂಯುಕ್ತ ಹೆಚ್ಚು ಬಲವಾದದ್ದು' ಎಂಬ ಪಟ್ಟಿಯೇ ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಒಂದೊಂದು ತಡೆಯುವ ಬಗೆಯೇ ಬೇರೆ. ಹಸಿರು ಚಹಾದ ಇಜಿಸಿಜಿ ಪ್ರೋಟೀನನ್ನು ಬಿಡಿಬಿಡಿಯಾಗಿ ಇಡುವುದಿಲ್ಲ, ನಾರಾಗದ ಬೇರೆಯೇ ಗುಂಪುಗಳ ಕಡೆ ತಿರುಗಿಸುತ್ತದೆ. ಅವು ಎಸ್‌ಡಿಎಸ್‌ಗೂ ಜಗ್ಗದೆ ಜೆಲ್‌ನ ಮೇಲ್ಭಾಗದಲ್ಲಿ ಮಸಿ ಬಳಿದಂತೆ ಕಾಣುತ್ತವೆ. ಅದೇ ಇಜಿಸಿಜಿ ಗಾಳಿಗೆ ಆಕ್ಸೀಕರಣಗೊಂಡು ಕ್ವಿನೋನ್ ಆಗಿ ಪ್ರೋಟೀನಿನ ಲೈಸಿನ್‌ಗಳಿಗೆ ಶಾಶ್ವತವಾಗಿ ಅಂಟಲೂಬಹುದು. ಬಫರ್ ಕಂದು ಬಣ್ಣಕ್ಕೆ ತಿರುಗಿದ್ದರೆ ಆ ಟ್ಯೂಬ್ ಎಸೆಯಿರಿ.

ಕರ್ಕ್ಯುಮಿನ್‌ನ ಸ್ಟಾಕ್ (ಗಾಢ ದ್ರಾವಣ): ಡಿಎಂಎಸ್ಒದಲ್ಲಿ 10 ಮಿಲಿಮೋಲಾರ್, ಆಯಾ ದಿನದ್ದು, ಫಾಯಿಲ್ ಸುತ್ತಿ. 500 ಪಟ್ಟು ದುರ್ಬಲಗೊಳಿಸಿದರೆ 20 ಮೈಕ್ರೋಮೋಲಾರ್, ಡಿಎಂಎಸ್ಒ ಶೇ 0.2. ಕಂಟ್ರೋಲ್ ಟ್ಯೂಬ್‌ಗೂ ಅಷ್ಟೇ.