ಎಂಟು ಪಟ್ಟೆಗಳ ಮುಂದೆ ಕುಳಿತವರು

ಪ್ರಿಯ ಬರಹಗಾರರೇ,

‘ನಿಶ್ಶಬ್ದದ ಬಣ್ಣಗಳು’ ಎಂಬ ನಿಮ್ಮ ಪ್ರಬಂಧ ನಮ್ಮ ಕೈಸೇರಿ ಆರು ವಾರಗಳಾದವು. ಉತ್ತರ ತಡವಾದದ್ದಕ್ಕೆ ಬೇಸರಿಸಬೇಡಿ. ಒಮ್ಮೆ ಸುಮ್ಮನೆ ಓದಿದೆ, ಇನ್ನೊಮ್ಮೆ ಪೆನ್ಸಿಲ್ ಹಿಡಿದು ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ನನ್ನಿಂದಾಗದು. ಆದರೂ ‘ಸ್ವೀಕೃತವಾಗಿಲ್ಲ’ ಎಂಬ ಒಂದು ಸಾಲು ಬರೆದು ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ. ಅದಕ್ಕೆ ನಿಮ್ಮ ಒಂಬತ್ತನೆಯ ಪುಟದ ಕೆಳಭಾಗದಲ್ಲಿರುವ ನಾಲ್ಕು ಸಾಲುಗಳು ಕಾರಣ. ಅಲ್ಲಿಗೆ ಬರುವ ಮೊದಲು ಉಳಿದ ಎಂಟು ಪುಟಗಳ ಬಗ್ಗೆ ಮಾತನಾಡಬೇಕಾಗಿದೆ. ನಿಮ್ಮ ಹೆಸರನ್ನು ಬಿಟ್ಟು ಈ ಉತ್ತರವನ್ನು ಅಂಕಣದಲ್ಲಿ ಹಾಕಿಕೊಳ್ಳಲು ನೀವು ಒಪ್ಪಿರುವುದರಿಂದ, ಬೇರೆ ಓದುಗರಿಗೂ ತಿಳಿಯುವಂತೆ ನಿಮ್ಮ ಪ್ರಬಂಧದ ತಿರುಳನ್ನು ಹೇಳಿಬಿಡುತ್ತೇನೆ: ಕಾರ್ಯಕ್ರಮಗಳಿಲ್ಲದ ಹೊತ್ತಿನಲ್ಲಿ ದೂರದರ್ಶನದ ಪರದೆಯ ಮೇಲೆ ನಿಲ್ಲುತ್ತಿದ್ದ ಟೆಸ್ಟ್ ಕಾರ್ಡೆಂಬ ಹಳೆಯ ಪರೀಕ್ಷಾಚಿತ್ರ, ಬಣ್ಣದ ಪಟ್ಟೆಗಳು, ಎರಡು ಕಾರ್ಯಕ್ರಮಗಳ ನಡುವೆ ಬರುತ್ತಿದ್ದ ವಾದ್ಯಸಂಗೀತ, ಪ್ರಸಾರ ಕೆಟ್ಟಾಗ ಮೂಡುತ್ತಿದ್ದ ‘ಅಡಚಣೆ’ಯ ಫಲಕ ಇವೆಲ್ಲ ಒಂದು ತಲೆಮಾರಿಗೆ ತಾಳ್ಮೆಯನ್ನು ಕಲಿಸಿದವು, ಈಗ ಆ ತಾಳ್ಮೆ ಇಲ್ಲ ಎಂಬುದು ನಿಮ್ಮ ವಾದ.

ಎರಡನೆಯ ಪುಟದಲ್ಲಿ ನೀವು ಹೀಗೆ ಬರೆದಿದ್ದೀರಿ: ‘ಸಂಜೆಯ ಆ ಹೊತ್ತಿನಲ್ಲಿ ನಮ್ಮ ಮನೆಯ ಕಪ್ಪುಬಿಳುಪು ಟಿ.ವಿ.ಯ ಪರದೆಯ ಮೇಲೆ ಕಾಮನಬಿಲ್ಲು ಮೂಡುತ್ತಿತ್ತು.’ ವಾಕ್ಯದ ಲಯ ಚೆನ್ನಾಗಿದೆ, ಆದರೆ ಅದರೊಳಗಿನ ಸಂಗತಿ ಎರಡು ಕಡೆ ತಪ್ಪಿದೆ. ಕಪ್ಪುಬಿಳುಪು ಸೆಟ್ಟಿನಲ್ಲಿ ಆ ಪಟ್ಟೆಗಳು ಬಿಳುಪಿನಿಂದ ಕಪ್ಪಿನವರೆಗೆ ಇಳಿಯುವ ಬೂದು ಮೆಟ್ಟಿಲುಗಳಾಗಿ ಕಾಣುತ್ತಿದ್ದವು. ಬಣ್ಣದ ಸೆಟ್ಟಿನಲ್ಲಿಯೂ ಅದು ಕಾಮನಬಿಲ್ಲಾಗಿರಲಿಲ್ಲ. ಎಡದಿಂದ ಬಲಕ್ಕೆ ಬಿಳಿ, ಹಳದಿ, ತಿಳಿನೀಲಿ, ಹಸಿರು, ಕಡುಗುಲಾಬಿ, ಕೆಂಪು, ನೀಲಿ, ಕಪ್ಪು ಎಂದು ಒಮ್ಮೆ ಎಣಿಸಿ ನೋಡಿ. ಯಾವ ಮಳೆಗಾಲದ ಆಕಾಶದಲ್ಲಿಯೂ ಈ ಕ್ರಮ ಸಿಗುವುದಿಲ್ಲ. ಪಟ್ಟೆಗಳನ್ನು ಹಾಗೆ ಜೋಡಿಸಿದ್ದು ಅವುಗಳ ಬೆಳಕಿನ ಲೆಕ್ಕದ ಮೇಲೆ. ಬಿಳುಪಿನ ಬೆಳಕನ್ನು 100 ಎಂದಿಟ್ಟುಕೊಂಡರೆ ಹಳದಿಯದು 89, ತಿಳಿನೀಲಿಯದು 70, ಹಸಿರಿನದು 59, ಕಡುಗುಲಾಬಿಯದು 41, ಕೆಂಪಿನದು 30, ನೀಲಿಯದು ಬರೀ 11. ಹೀಗಿದ್ದದ್ದರಿಂದಲೇ ಬಣ್ಣದ ಸೆಟ್ಟಿದ್ದವರಿಗೂ ಇಲ್ಲದವರಿಗೂ ಒಂದೇ ಚಿತ್ರ ಎರಡು ಬಗೆಯ ಅಳತೆಗೋಲಾಗಿ ಒದಗುತ್ತಿತ್ತು. ನಮ್ಮಲ್ಲಿ ಬಣ್ಣದ ಪ್ರಸಾರ ಬಂದದ್ದೇ 1982ರಲ್ಲಿ. ಅದಾದ ಮೇಲೂ ನಾನು ಬಲ್ಲ ಬಹುಪಾಲು ಮನೆಗಳು ವರ್ಷಗಟ್ಟಲೆ ಆ ಬೂದು ಮೆಟ್ಟಿಲನ್ನೇ ನೋಡಿದವು. ಎದುರು ಮನೆಯಲ್ಲಿ ಬಣ್ಣ, ನಮ್ಮ ಮನೆಯಲ್ಲಿ ಬೂದು: ಅದರಲ್ಲಿದ್ದ ಅಸೂಯೆ, ಅದರಲ್ಲಿದ್ದ ತಮಾಷೆ ನಿಮ್ಮ ಕಾಮನಬಿಲ್ಲಿನಿಂದಾಗಿ ಪ್ರಬಂಧಕ್ಕೆ ದಕ್ಕದೆ ಹೋದವು.

ತಪ್ಪು ಹುಡುಕುವ ಚಪಲಕ್ಕೆ ಇದನ್ನು ಹೇಳುತ್ತಿಲ್ಲ. ನೀವು ಟೆಸ್ಟ್ ಕಾರ್ಡನ್ನು ಗೋಡೆಗೆ ನೇತುಹಾಕಿದ ಚಿತ್ರದಂತೆ ನೋಡಿದ್ದೀರಿ, ಅದು ಬಡಗಿಯ ಮಟ್ಟಗೋಲಿನಂಥ ಒಂದು ಉಪಕರಣ. ಅದರ ಮೇಲಿದ್ದ ಒಂದೊಂದು ಗೆರೆಗೂ ಒಂದೊಂದು ಕೆಲಸವಿತ್ತು. ನಡುವಿನ ದೊಡ್ಡ ವೃತ್ತ ಮೊಟ್ಟೆಯಾಕಾರಕ್ಕೆ ತಿರುಗಿದರೆ ಚಿತ್ರದ ಎತ್ತರವೋ ಅಗಲವೋ ಕೆಟ್ಟಿದೆಯೆಂದು ಅರ್ಥ. ಚೌಕುಳಿಯ ಬಿಳಿ ಗೆರೆಗಳ ಅಂಚಿನಲ್ಲಿ ಕೆಂಪೋ ನೀಲಿಯೋ ಇಣುಕಿದರೆ ಪಿಕ್ಚರ್ ಟ್ಯೂಬಿನ ಮೂರು ಕಿರಣಗಳು ಒಂದೇ ಜಾಗದಲ್ಲಿ ಕೂಡುತ್ತಿಲ್ಲವೆಂದು ಅರ್ಥ. ಒತ್ತೊತ್ತಾಗಿ ನಿಂತ ಸಣ್ಣ ಗೆರೆಗಳು ಕಲಸಿ ಒಂದೇ ಬೂದಾದರೆ ಸೆಟ್ಟಿಗೆ ಸೂಕ್ಷ್ಮ ವಿವರ ದಕ್ಕುತ್ತಿಲ್ಲ. ಪ್ರತಿ ಗೆರೆಯ ಬಲಕ್ಕೆ ಅದರದೇ ಮಸುಕು ನೆರಳೊಂದು ಕಂಡರೆ, ಸಂಕೇತವು ಯಾವುದೋ ಕಟ್ಟಡಕ್ಕೆ ಬಡಿದು ತಡವಾಗಿ ಎರಡನೆಯ ಸಲ ಬರುತ್ತಿದೆ, ಆಂಟೆನಾ ತಿರುಗಿಸಬೇಕು. ಕಾರ್ಯಕ್ರಮಗಳಿಲ್ಲದ ಹೊತ್ತಿನಲ್ಲಿ ಅದನ್ನು ಪ್ರಸಾರ ಮಾಡುತ್ತಿದ್ದುದು ಮುಖ್ಯವಾಗಿ ಅಂಗಡಿಯವರಿಗಾಗಿ, ರಿಪೇರಿಯವರಿಗಾಗಿ, ಮಾಳಿಗೆ ಹತ್ತಿದವರಿಗಾಗಿ. ನಿಮ್ಮ ಪ್ರಬಂಧದಲ್ಲಿ ಕಾಯುವವರು ಬೇಕಾದಷ್ಟಿದ್ದಾರೆ, ಕೆಲಸ ಮಾಡುವವರು ಒಬ್ಬರೇ.

ಇನ್ನು, ನಾಲ್ಕನೆಯ ಪುಟದಲ್ಲಿ ಬರುವ ಹುಡುಗಿಯ ವಿಷಯ. ಕೆಂಪು ಉಡುಪು, ಕಪ್ಪು ಹಲಗೆ, ಪಕ್ಕದಲ್ಲೊಂದು ವಿದೂಷಕ ಬೊಂಬೆ. ‘ಮಲ್ಲೇಶ್ವರದ ನಮ್ಮ ಮನೆಯಲ್ಲಿ ಅವಳು ದಿನವೂ ನಮ್ಮನ್ನು ನೋಡಿ ನಗುತ್ತಿದ್ದಳು’ ಎಂದು ಬರೆದಿದ್ದೀರಿ. ಆ ಹುಡುಗಿ ಬಿಬಿಸಿಯವಳು. 1967ರಲ್ಲಿ ಬಳಕೆಗೆ ಬಂದ ‘ಟೆಸ್ಟ್ ಕಾರ್ಡ್ ಎಫ್’ ಎಂಬ ಆ ಚಿತ್ರವನ್ನು ರೂಪಿಸಿದ ಎಂಜಿನಿಯರ್ ಜಾರ್ಜ್ ಹರ್ಸಿಯವರ ಮಗಳು ಕ್ಯಾರೊಲ್. ಮೈಬಣ್ಣ ಸರಿಯಾಗಿ ಬರುತ್ತಿದೆಯೇ ಎಂದು ನೋಡಲು ಮನುಷ್ಯಮುಖವೊಂದು ಬೇಕಾಗಿತ್ತು, ಹಲಗೆಯ ಮೇಲಿನ ‘X’ ಗುರುತು ಪರದೆಯ ನಟ್ಟನಡುವನ್ನು ತೋರಿಸುತ್ತಿತ್ತು. ಎಂಬತ್ತರ ದಶಕದುದ್ದಕ್ಕೂ ಜಯನಗರದಲ್ಲಿ ಟಿ.ವಿ. ನೋಡಿ ಬೆಳೆದ ನಾನು ಅವಳನ್ನು ಒಮ್ಮೆಯೂ ಕಂಡವನಲ್ಲ. ನಿಮ್ಮ ಪರಿಚಯಪತ್ರದಲ್ಲಿ ನೀವೇ ಬರೆದಿರುವಂತೆ ನೀವು ಹುಟ್ಟಿದ್ದು 1994ರಲ್ಲಿ. ಅಂದರೆ ಈ ಹುಡುಗಿಯನ್ನು ನೀವು ನೋಡಿದ್ದು ಫೋನಿನಲ್ಲಿ, ಅವಳ ಬಗೆಗಿನ ಹಂಬಲವೂ ಬ್ರಿಟನ್ನಿನ ಯಾರದೋ ಮನೆಯದು. ಬೇರೆಯವರ ನೆನಪು ನಮ್ಮೊಳಗೆ ಬಂದು ಮನೆಮಾಡುವುದು ಬರೆಯಬಾರದ ವಿಷಯವೇನಲ್ಲ. ‘ನಾನು ಕಾಣದ್ದಕ್ಕೆ ನನಗೇಕೆ ಇಷ್ಟು ಸಂಕಟ’ ಎಂದು ಕೇಳಿಕೊಂಡಿದ್ದರೆ ಅದೇ ಒಂದು ಪ್ರಬಂಧವಾಗುತ್ತಿತ್ತು. ನೀವು ಅದನ್ನು ಮುಚ್ಚಿಟ್ಟು ‘ನಾವು’ ಎಂದು ಬರೆದಿದ್ದೀರಿ. ಆ ಕಾಲದಲ್ಲಿ ಬದುಕಿದ್ದ ಓದುಗ ಎರಡನೆಯ ಪುಟದಲ್ಲಿಯೇ ಗುಟ್ಟು ಕಂಡುಕೊಳ್ಳುತ್ತಾನೆ, ಆಮೇಲೆ ನೀವು ಹೇಳುವ ನಿಜವನ್ನೂ ನಂಬುವುದಿಲ್ಲ.

ಇತಿಹಾಸದ ಭಾಗದಲ್ಲಿಯೂ ಕೆಲವು ಎಳೆಗಳು ಸಿಕ್ಕುಬಿದ್ದಿವೆ. ದೆಹಲಿಯಲ್ಲಿ ಟಿ.ವಿ. ಪ್ರಯೋಗ ಶುರುವಾದದ್ದು 1959ರ ಸೆಪ್ಟೆಂಬರ್ 15ರಂದು ಎಂದಿರುವುದು ಸರಿ. ಆದರೆ ‘ಅಂದಿನಿಂದಲೇ ಮೊಳಗಿದ ಆ ರಾಗ’ ಎಂದಿರುವುದು ಸರಿಯಲ್ಲ. ಆಕಾಶವಾಣಿಯಿಂದ ಬೇರೆಯಾಗಿ ದೂರದರ್ಶನ ಸ್ವಂತ ಸಂಸ್ಥೆಯಾದದ್ದು 1976ರ ಏಪ್ರಿಲ್ 1ರಂದು. ತಿರುಗುತ್ತಾ ಬಂದು ಕಣ್ಣಿನಾಕಾರ ತಳೆಯುವ ಲಾಂಛನ, ಪಂಡಿತ್ ರವಿಶಂಕರ್ ಅವರು ಶಹನಾಯಿ ವಾದಕ ಅಲಿ ಅಹಮದ್ ಹುಸೇನ್ ಖಾನರೊಂದಿಗೆ ಕೂಡಿ ರೂಪಿಸಿದ ರಾಗ, ಎರಡೂ ಆ ಕಾಲದವು. ನೀವು ‘ಮುಂಜಾನೆಯ ಪಿಟೀಲು’ ಎಂದು ಬಣ್ಣಿಸಿರುವುದು ಆಕಾಶವಾಣಿಯ ರಾಗ, ವಾಲ್ಟರ್ ಕೌಫ್‌ಮನ್ನರದು, ಅದು ಸ್ವಾತಂತ್ರ್ಯಪೂರ್ವದ್ದು. ಎರಡನ್ನೂ ಒಂದೇ ಪ್ಯಾರಾದಲ್ಲಿ ಕಲಸಿಬಿಟ್ಟಿದ್ದೀರಿ.

‘ಕರ್ನಾಟಕಕ್ಕೆ ಟಿ.ವಿ. ಬಂದದ್ದು ಬೆಂಗಳೂರಿನ ಮೂಲಕ’ ಎಂಬ ಮಾತಂತೂ ನಮ್ಮೂರಿನವರ ಹಳೆಯ ಚಾಳಿ. ನಾನೂ ಬಹಳ ಕಾಲ ಹಾಗೆಯೇ ನಂಬಿದ್ದವನು. ಬೆಂಗಳೂರು ದೂರದರ್ಶನ ಶುರುವಾದದ್ದು 1981ರಲ್ಲಿ. ಅದಕ್ಕೆ ಆರು ವರ್ಷ ಮೊದಲೇ, 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ, ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ 2400 ಹಳ್ಳಿಗಳಿಗೆ ಕಾರ್ಯಕ್ರಮಗಳು ನೇರವಾಗಿ ತಲುಪಿದ್ದವು, ಅವುಗಳಲ್ಲಿ ನಮ್ಮ ಕಲಬುರಗಿ, ವಿಜಯಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದ್ದವು. ತಂತಿ ಬಲೆಯಿಂದ ಮಾಡಿದ ದೊಡ್ಡ ಬೋಗುಣಿಯಂಥ ಆಂಟೆನಾ, ಅದರ ಮುಂದೆ ನೆಲದ ಮೇಲೆ ಕುಳಿತ ಇಡೀ ಊರು. ಟೆಸ್ಟ್ ಕಾರ್ಡನ್ನು ಕಾದು ನೋಡಿದ ಮೊದಲ ಕನ್ನಡಿಗರನ್ನು ಹುಡುಕಬೇಕೆಂದರೆ ಮಲ್ಲೇಶ್ವರದ ಹಜಾರ ಬಿಟ್ಟು ಆ ಕಡೆ ಹೋಗಬೇಕಾದೀತು.

ಫಲಕದ ವಿಷಯದಲ್ಲಿ ನೀವು ಒಂದು ಒಳ್ಳೆಯ ಅವಕಾಶವನ್ನು ಕೈಬಿಟ್ಟಿದ್ದೀರಿ. ‘ಅಡಚಣೆಗಾಗಿ ಕ್ಷಮಿಸಿ’ ಎಂದು ನೀವು ಅನುವಾದಿಸಿ ಮುಂದೆ ಹೋಗಿದ್ದೀರಿ. ನನ್ನ ಕಣ್ಣಿಗೆ ಕಟ್ಟಿರುವುದು ‘ರುಕಾವಟ್ ಕೆ ಲಿಯೇ ಖೇದ್ ಹೈ’ ಎಂಬ ಹಿಂದಿ ಫಲಕ. ಹಿಂದಿ ಬಾರದ ನಮ್ಮ ಮನೆಯಲ್ಲಿ ಅದರಲ್ಲಿ ಅರ್ಥವಾಗುತ್ತಿದ್ದ ಪದ ಒಂದೇ, ‘ಖೇದ’. ಕನ್ನಡದಲ್ಲಿ ಅದು ಸಾವಿನ ಸುದ್ದಿಗೆ ಮೀಸಲಾದಷ್ಟು ಭಾರದ ಪದ. ನಾನು ಶಾಲೆಯಲ್ಲಿ ಕಲಿತ ಹಿಂದಿಯಲ್ಲಿ ಮೊದಲ ಸಲ ಅದನ್ನು ಗಟ್ಟಿಯಾಗಿ ಓದಿದಾಗ, ಹೂಬತ್ತಿ ಹೊಸೆಯುತ್ತಿದ್ದ ನಮ್ಮಜ್ಜಿ ಕೈ ನಿಲ್ಲಿಸಿ, ‘ಯಾರು ಹೋದರೋ?’ ಎಂದು ಕೇಳಿದ್ದರು. ಅಜ್ಜಿಯ ಅನುಮಾನ ತೀರ ಆಧಾರವಿಲ್ಲದ್ದೇನೂ ಆಗಿರಲಿಲ್ಲ. ರಾಷ್ಟ್ರೀಯ ಶೋಕದ ದಿನಗಳಲ್ಲಿ ಕಾರ್ಯಕ್ರಮಗಳು ರದ್ದಾಗಿ ಬರೀ ವಾದ್ಯಸಂಗೀತ ಬರುತ್ತಿದ್ದುದನ್ನು ಅವರು ಕೇಳಿದ್ದರು. ಅಮ್ಮನ ಮಟ್ಟಿಗೆ ಅದೇ ಫಲಕ ಒಂದು ಬಿಡುವು: ‘ಒಗ್ಗರಣೆ ಹಾಕಿ ಬರ್ತೀನಿ, ಬಂದ್ರೆ ಕೂಗು.’ ಇಂಥ ಒಂದು ಮಾತಾದರೂ ನಿಮ್ಮ ಪುಟಗಳಲ್ಲಿದೆಯೇ ಎಂದು ಹುಡುಕಿದೆ. ಸಿಕ್ಕಿದ್ದು ‘ಮೌನ’ ಎಂಬ ಪದ, ಹತ್ತೊಂಬತ್ತು ಸಲ.

ಮೌನವಾದರೂ ಎಲ್ಲಿತ್ತು ಹೇಳಿ. ಪಟ್ಟೆಗಳ ಜೊತೆಗೆ ಒಂದೇ ಸಮನೆ ಕುಂಯ್ ಎನ್ನುವ ಸದ್ದು ಬರುತ್ತಿತ್ತು. ಧ್ವನಿಯನ್ನು ಪೂರ್ತಿ ತಗ್ಗಿಸಿದರೂ ಸೆಟ್ಟಿನ ಒಳಗಿನಿಂದ ಇನ್ನೊಂದು ಸದ್ದು ಕೇಳಿಸುತ್ತಿತ್ತು, ಸೊಳ್ಳೆಯ ದನಿಗಿಂತ ಬಹಳ ಸಣ್ಣದಾದ ಕೀರಲು. ಒಂದು ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ, ಗುಣಿಸಿದರೆ ಸೆಕೆಂಡಿಗೆ 15,625 ಗೆರೆ. ಆ ವೇಗದಲ್ಲಿ ಗೆರೆ ಎಳೆಯುತ್ತಿದ್ದ ಸುರುಳಿಗಳ ಕಂಪನವೇ ಆ ಕೀರಲು. ಮಕ್ಕಳ ಕಿವಿಗೆ ಅದು ಸ್ಪಷ್ಟವಾಗಿ ಕೇಳುತ್ತಿತ್ತು. ವಯಸ್ಸಾದಂತೆ ಮೊದಲು ಹೋಗುವುದು ಇಂಥ ಎತ್ತರದ ಸ್ವರಗಳೇ ಆದ್ದರಿಂದ ಅಪ್ಪನಿಗೆ ಕೇಳುತ್ತಿರಲಿಲ್ಲ. ಪಕ್ಕದ ಮನೆಯಲ್ಲಿ ಟಿ.ವಿ. ಹಾಕಿದ್ದಾರೆಂದು ಗೋಡೆಯಾಚೆಯಿಂದ ಹೇಳಬಲ್ಲವರು ನಾವು ಮಕ್ಕಳು ಮಾತ್ರ, ದೊಡ್ಡವರು ಅದನ್ನು ನಂಬುತ್ತಿರಲಿಲ್ಲ.

ಈಗ ಒಂಬತ್ತನೆಯ ಪುಟ. ನಿಮ್ಮ ಸಾಲುಗಳನ್ನು ಹಾಗೆಯೇ ಎತ್ತಿ ಬರೆಯುತ್ತೇನೆ: ‘ಶ್ರೀರಾಮಪುರದ ಅಂಗಡಿಯಲ್ಲಿ ನಮ್ಮ ಸೋದರಮಾವ ಪಟ್ಟೆ ಬರುವ ಹೊತ್ತಿಗೆ ತಟ್ಟೆಯಲ್ಲಿದ್ದ ಅನ್ನ ಬಿಟ್ಟು ಏಳುತ್ತಿದ್ದರಂತೆ. ರಿಪೇರಿಗೆ ಬಂದ ಸೆಟ್ಟಿನ ಎದುರು ಸ್ಟೂಲಿನ ಮೇಲೆ ಕ್ಷೌರದ ಕನ್ನಡಿ ನಿಲ್ಲಿಸಿ, ತಾವು ಹಿಂದೆ ಕುಳಿತು ತಿರುಪು ತಿರುಗಿಸುತ್ತಿದ್ದರಂತೆ. ಸಿನಿಮಾ ಶುರುವಾದರೆ ಕೆಲಸ ನಿಲ್ಲಿಸಿಬಿಡುತ್ತಿದ್ದರಂತೆ. ಮುಖ ಯಾವ ಬಣ್ಣದಲ್ಲಿ ಬಂದ್ರೂ ಮುಖಾನೇ ಕಣೋ, ಅದರಲ್ಲೇನು ಗೊತ್ತಾಗತ್ತೆ ಅನ್ನುತ್ತಿದ್ದರು.’

ಮಾವನವರ ಕೈ ಸೆಟ್ಟಿನ ಬೆನ್ನಲ್ಲಿದೆ, ಕಣ್ಣು ಕನ್ನಡಿಯಲ್ಲಿದೆ, ಕನ್ನಡಿಯಲ್ಲಿ ಪಟ್ಟೆಗಳು ತಿರುವುಮುರುವಾಗಿ ನೀಲಿಯಿಂದ ಹಳದಿಗೆ ಹೋಗುತ್ತವೆ. ಈ ಒಂದು ನೋಟಕ್ಕಾಗಿ ನಿಮ್ಮ ಉಳಿದ ಪ್ರಬಂಧವನ್ನು ನಾನು ಸಂತೋಷದಿಂದ ಬಿಟ್ಟುಕೊಡುತ್ತೇನೆ. ನೀವೂ ಬಿಟ್ಟುಕೊಡಬೇಕು. ಇಲ್ಲಿಂದಲೇ ಆರಂಭಿಸಿ. ‘ಅಂತೆ’ ಎಂಬುದನ್ನು ಹಾಗೆಯೇ ಉಳಿಸಿಕೊಳ್ಳಿ, ನೀವು ಕೇಳಿ ತಿಳಿದದ್ದನ್ನು ಕೇಳಿ ತಿಳಿದದ್ದೆಂದೇ ಹೇಳುವ ಪ್ರಾಮಾಣಿಕತೆ ಆ ಪ್ರತ್ಯಯದಲ್ಲಿದೆ. ಇಡೀ ಪ್ರಬಂಧದಲ್ಲಿ ಅದು ಬಂದಿರುವುದು ಇಲ್ಲಿ ಮಾತ್ರ.

ಕೊನೆಯ ಪುಟದಲ್ಲಿ ಟೆಸ್ಟ್ ಕಾರ್ಡಿನ ವೃತ್ತವನ್ನು ಫೋನಿನಲ್ಲಿ ತಿರುಗುವ ಬಫರಿಂಗ್ ವೃತ್ತಕ್ಕೆ ಹೋಲಿಸಿದ್ದೀರಿ. ಈ ಉಪಮೆ ನನ್ನ ಮೇಜಿಗೆ ಬರುತ್ತಿರುವುದು ಇದು ಐದನೆಯ ಸಲ, ದಯವಿಟ್ಟು ತೆಗೆದುಬಿಡಿ. ಅದರ ಜಾಗದಲ್ಲಿ ನಿಮ್ಮದೇ ಆದ ಖಾಲಿ ಪರದೆಯೊಂದು ಇದ್ದೇ ಇರಬೇಕು. ತೊಂಬತ್ತರ ದಶಕದ ಕೊನೆಯ ಹುಡುಗನಿಗೆ ಕೇಬಲ್ ಹೋದಾಗ ಏನು ಕಾಣಿಸುತ್ತಿತ್ತು? ನೀಲಿ ಪರದೆಯೇ, ಚುಕ್ಕೆಗಳೇ, ಕೇಬಲ್‌ನವರ ಫೋನ್ ನಂಬರೇ? ಬೇಕಿದ್ದರೆ ಅದು ಬರಲಿ, ಬೇಡವಾದರೆ ಬಿಡಿ.

ಮೂರು ಸಾವಿರ ಪದಗಳಿವೆ, ಸಾವಿರದ ಇನ್ನೂರು ಸಾಕು. ಮಾವನವರು ಈಗಲೂ ಶ್ರೀರಾಮಪುರದಲ್ಲಿಯೇ ಇದ್ದಾರೆಂದು ಬರೆದಿದ್ದೀರಿ. ಒಂದು ಭಾನುವಾರ ಅವರೊಡನೆ ಕುಳಿತುಕೊಳ್ಳಿ, ಆದರೆ ‘ಆ ಕಾಲ ಹೇಗಿತ್ತು’ ಎಂದು ಕೇಳಬೇಡಿ. ಹಾಗೆ ಕೇಳಿದರೆ ಎಲ್ಲರೂ ಚೆನ್ನಾಗಿತ್ತು ಎನ್ನುತ್ತಾರೆ. ಕನ್ನಡಿ ಎಲ್ಲಿಯದು, ಈಗ ಎಲ್ಲಿದೆ ಎಂದು ಕೇಳಿ. ಬಣ್ಣದ ಪಿಕ್ಚರ್ ಟ್ಯೂಬಿನಲ್ಲಿ 20 ಸಾವಿರ ವೋಲ್ಟ್‌ಗೂ ಮೀರಿದ ವಿದ್ಯುತ್ತು ಇರುತ್ತಿದ್ದುದರಿಂದ ಹಳಬರು ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೇ ಕೆಲಸ ಮಾಡುತ್ತಿದ್ದರು, ಅವರಿಗೂ ಆ ಅಭ್ಯಾಸವಿತ್ತೇ ಎಂದು ಕೇಳಿ. ಶ್ರೀರಾಮಪುರದ ಮಾಳಿಗೆಯಿಂದ ಜೆ.ಸಿ. ನಗರದ ದೂರದರ್ಶನ ಗೋಪುರ ಪೂರ್ವಕ್ಕೆ ಬೀಳುತ್ತದೆ. ಆಂಟೆನಾ ತಿರುಗಿಸಲು ಮೇಲೆ ಹತ್ತಿದವರು ಯಾರು, ‘ಬಂತು ಬಂತು, ಅಯ್ಯೋ ಹೋಯ್ತು’ ಎಂದು ಕೆಳಗಿನಿಂದ ಕೂಗಿದವರು ಯಾರು ಎಂದು ಕೇಳಿ. ನನ್ನದೂ ಒಂದು ಪ್ರಶ್ನೆಯಿದೆ, ಮರೆಯದೆ ಕೇಳಿ ತಿಳಿಸಿ: ದಿನವಿಡೀ ಸೆಟ್ಟುಗಳ ನಡುವೆಯೇ ಕುಳಿತಿರುತ್ತಿದ್ದ ಅವರಿಗೆ ಆ ಸಣ್ಣ ಕೀರಲು ಕೇಳಿಸುವುದು ನಿಂತದ್ದು ಯಾವ ವಯಸ್ಸಿನಲ್ಲಿ, ನಿಂತದ್ದು ಅವರ ಗಮನಕ್ಕೆ ಬಂದಿತ್ತೇ?

ಇತಿ,
ಸಂಪಾದಕ