ಕಾಲು ತೆಗೆದರೆ ಆಫ್ ಆಗುವ ಕಾರು

ಪ್ರಶ್ನೆ: ನನ್ನದು 2006ರ ಸಣ್ಣ ಪೆಟ್ರೋಲ್ ಕಾರು. ಹೈವೇಯಲ್ಲಿ ಚೆನ್ನಾಗಿ ಓಡುತ್ತದೆ. ಸಿಗ್ನಲ್‌ನಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ನಡುಗಿ ಆಫ್ ಆಗುತ್ತದೆ. ಎಸಿ ಹಾಕಿದ್ದರಂತೂ ಗ್ಯಾರಂಟಿ. ಐಎಸಿ (ಐಡಲ್ ಏರ್ ಕಂಟ್ರೋಲ್) ವಾಲ್ವ್ ಹೋಗಿದೆ, ಹೊಸದು ಹಾಕೋಣ ಅಂತಾರೆ ಮೆಕ್ಯಾನಿಕ್. ಚೆಕ್ ಎಂಜಿನ್ ಲೈಟೇ ಬಂದಿಲ್ಲ, ನಂಬುವುದು ಹೇಗೆ?
– ಒಬ್ಬ ಓದುಗರು, ತಿಪಟೂರು

ಉತ್ತರ: ನಿಮ್ಮ ಮೆಕ್ಯಾನಿಕ್ ಅನುಮಾನ ಪಟ್ಟ ಜಾಗ ಸರಿಯಾಗಿದೆ. ಹೊಸದು ಹಾಕುವ ಮಾತು ಮಾತ್ರ ಸ್ವಲ್ಪ ಬೇಗ ಬಂತು. ಲೈಟ್ ವಿಷಯ ಬಿಡಿ. ಹಳೇ ಕಾರುಗಳಲ್ಲಿ ಈ ವಾಲ್ವ್ ಮಸಿ ಹಿಡಿದು ಸಿಕ್ಕಿಕೊಂಡರೂ ಎಷ್ಟೋ ಸಲ ಲೈಟ್ ಬರುವುದಿಲ್ಲ.

ಕಾಲು ತೆಗೆದಾಗ ಎಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ತಟ್ಟೆ ಮುಚ್ಚಿಕೊಳ್ಳುತ್ತದೆ. ಆಗ ಎಂಜಿನ್‌ಗೆ ಗಾಳಿ ಹೋಗುವುದು ಪಕ್ಕದ ಒಂದು ಸಣ್ಣ ದಾರಿಯಿಂದ. ಆ ದಾರಿಗೆ ಬಾಗಿಲು ಕಾಯುವವನೇ ಈ ವಾಲ್ವ್. ಒಳಗೆ ಪುಟ್ಟ ಸ್ಟೆಪ್ಪರ್ ಮೋಟಾರ್, ಅದರ ತುದಿಗೆ ಮೊನೆಯಾದ ಕಡ್ಡಿ. ಎಸಿ ಭಾರ ಬಿದ್ದಾಗ ಕಡ್ಡಿ ಹಿಂದೆ ಸರಿದು ಜಾಸ್ತಿ ಗಾಳಿ ಬಿಡಬೇಕು. ಮಸಿ ಕಟ್ಟಿದರೆ ಸರಿಯೋದೆಲ್ಲಿ?

ಮೊದಲು ವ್ಯಾಕ್ಯೂಮ್ ಪೈಪ್‌ಗಳನ್ನು ನೋಡಿಸಿ, ಎಲ್ಲಾದರೂ ಬಿರುಕು ಇರಬಹುದು. ಆಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕನೆಕ್ಟರ್ ತೆಗೆದು, ವಾಲ್ವ್ ಹೊರಗೆ ತೆಗೆಸಿ. ಸಾಮಾನ್ಯವಾಗಿ ಎರಡೇ ಸ್ಕ್ರೂ. ಅಳತೆಗೆ ಸರಿಯಾದ ಸ್ಕ್ರೂಡ್ರೈವರನ್ನೇ ಬಳಸಿ, ತಲೆ ಸವೆದರೆ ಅರ್ಧ ದಿನ ಹಾಳು. ಕಾರ್ಬ್ ಕ್ಲೀನರ್ (ಮಸಿ ಬಿಡಿಸುವ ಸ್ಪ್ರೇ) ಹೊಡೆದು ಹಳೇ ಟೂತ್‌ಬ್ರಶ್‌ನಲ್ಲಿ ಕಡ್ಡಿಯ ಮೊನೆ ಉಜ್ಜಿ. ಥ್ರಾಟಲ್ ಬಾಡಿಯಲ್ಲಿ ಅದು ಕೂರುವ ತೂತನ್ನೂ ಉಜ್ಜಿ. ಮೋಟಾರಿನೊಳಗೆ ಮಾತ್ರ ದ್ರವ ಇಳಿಯಬಾರದು.

ಈಗ ಮಲ್ಟಿಮೀಟರ್. ನಾಲ್ಕು ಪಿನ್‌ನ ವಾಲ್ವ್‌ನಲ್ಲಿ ಎರಡು ಕಾಯಿಲ್ ಇರುತ್ತವೆ. ಎಷ್ಟೋ ಮಾಡೆಲ್‌ಗಳಲ್ಲಿ ಒಂದೊಂದೂ 40ರಿಂದ 80 ಓಮ್ ತೋರುತ್ತದೆ. ನಿಮ್ಮ ಕಾರಿನ ಸರಿಯಾದ ಅಂಕಿ ಸರ್ವಿಸ್ ಮ್ಯಾನುಯಲ್‌ನಲ್ಲಿರುತ್ತದೆ. ಎರಡೂ ಹೆಚ್ಚುಕಡಿಮೆ ಸಮ ಇರಬೇಕು. ಒಂದು ಕಾಯಿಲ್ ಏನೂ ತೋರದಿದ್ದರೆ ಆ ವಾಲ್ವ್ ಸತ್ತಂತೆ, ಉಜ್ಜಿ ಪ್ರಯೋಜನವಿಲ್ಲ.

ಬಳಸಿದ ವಾಲ್ವ್‌ನ ಕಡ್ಡಿಯನ್ನು ಬೆರಳಿನಿಂದ ಒತ್ತಬೇಡಿ, ಎಳೆಯಲೂ ಬೇಡಿ. ನಾನು ಗ್ಯಾರೇಜ್ ಸೇರಿದ ಹೊಸತರಲ್ಲಿ ‘ಆಡ್ತಾ ಇದೆಯಾ ನೋಡೋಣ’ ಅಂತ ಹೆಬ್ಬೆರಳಲ್ಲಿ ಒತ್ತಿದ್ದೆ. ಒಳಗಿನ ಮರೆ (ಥ್ರೆಡ್) ಹೋಯಿತು, ಸಂಬಳದಲ್ಲಿ ದುಡ್ಡು ಕಟ್ಟಾಯಿತು.

ಇನ್ನೊಂದು, ‘ಸ್ಕ್ರೂ ತಿರುಗಿಸಿ ಐಡ್ಲಿಂಗ್ ಏರಿಸ್ತೀನಿ ಬಿಡಿ ಸಾರ್’ ಅಂದರೆ ಒಪ್ಪಬೇಡಿ. ಅದು ಥ್ರಾಟಲ್ ತಟ್ಟೆಯ ಸ್ಟಾಪರ್. ಅದನ್ನು ಮುಟ್ಟಿದರೆ ಇಸಿಎಂ, ಅಂದರೆ ಎಂಜಿನ್ನಿನ ಕಂಪ್ಯೂಟರ್, ಲೆಕ್ಕವೇ ತಪ್ಪುತ್ತದೆ.

ಹೊಸದೇ ಬೇಕಾದರೆ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ. ಪಾರ್ಟ್ ನಂಬರ್, ಕಡ್ಡಿಯ ಮೊನೆಯ ಆಕಾರ ಎರಡೂ ಹೊಂದಬೇಕು. ಓ-ರಿಂಗ್‌ಗೆ (ರಬ್ಬರ್ ಬಳೆಗೆ) ಒಂದು ತೊಟ್ಟು ಎಂಜಿನ್ ಆಯಿಲ್ ಸವರಿ ಕೂರಿಸಿ. ಬ್ಯಾಟರಿ ಹಾಕಿದ ಮೇಲೆ ಇಗ್ನಿಷನ್ ಆನ್ ಮಾಡಿ ಹತ್ತು ಸೆಕೆಂಡ್ ಬಿಟ್ಟು ಆಫ್ ಮಾಡಿ, ಆಮೇಲೆ ಸ್ಟಾರ್ಟ್ ಮಾಡಿ. ಶುರುವಿನಲ್ಲಿ ಆರ್‌ಪಿಎಂ ಏರಿಳಿದರೆ ಗಾಬರಿ ಬೇಡ. ಎಂಜಿನ್ ಬಿಸಿಯಾದ ಮೇಲೆ ಎಸಿ ಹಾಕಿ ನೋಡಿ.